ಶೂ ಊರಿಗೆ ಹೊರಟಿದ್ದೀರಾ? ಮೊದಲ ಭಾನುವಾರ ಹೀಗೆ ಸುತ್ತಿ

ಆಫೀಸಿನವರು ಮೂರು ತಿಂಗಳಿಗೆ ಅಂತ ಜರ್ಮನಿಯ ಹೆರ್ತ್ಸೊಗೆನೌರಾಖ್‌ಗೆ ಕಳಿಸಿದರೆ ಬೆಂಗಳೂರಿನವರು ಮೊದಲು ಹೇಳುವ ಮಾತು "ಇಲ್ಲೇನೂ ಇಲ್ಲ ಮಾರಾಯ." ನಾನೂ ಹೇಳಿದ್ದೆ. ಶನಿವಾರ ಸಾಮಾನು ತರದೆ ಉಳಿದು, ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದು ನೋಡಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಅವಲಕ್ಕಿಯಲ್ಲೇ ದಿನ ತಳ್ಳಿದೆ. ಹಾಗಾಗಿ ಮೊದಲ ಕೆಲಸ, ಶನಿವಾರ ಸಂಜೆಯೊಳಗೆ ಹಾಲು, ಅಕ್ಕಿ, ತರಕಾರಿ ತಂದಿಟ್ಟುಕೊಳ್ಳಿ. ಭಾನುವಾರ ಬೆಳಗ್ಗೆ ಕೆಲವು ಗಂಟೆ ಬೇಕರಿ ಮಾತ್ರ ಸಿಗುತ್ತದೆ. ಒಳಗೆ ಹೋಗುವಾಗ "ಗ್ರೂಸ್ ಗಾಟ್" ಅನ್ನಿ, ಅಲ್ಲಿಯ ನಮಸ್ಕಾರ ಅದು. ಸುಮ್ನೆ ಬೆರಳು ತೋರಿಸಿದರೆ ಮುಖ ಗಂಟು ಹಾಕುತ್ತಾರೆ.

ಇನ್ನು ಊರು. ಜನ ಸುಮಾರು 25,000, ನಮ್ಮ ಒಂದು ವಾರ್ಡಿನಷ್ಟೂ ಇಲ್ಲ. ನ್ಯೂರೆಂಬರ್ಗಿನಿಂದ ಹೆಚ್ಚುಕಡಿಮೆ 20 ಕಿಲೋಮೀಟರ್. ಹೆಸರು ಉಚ್ಚಾರ ಮಾಡಲು ಆಗದಿದ್ದರೆ ಬೇಜಾರಿಲ್ಲ, ಅಲ್ಲಿಯವರೇ "ಹೆರ್ತ್ಸೊ" ಅಂತ ಮೊಟಕು ಮಾಡಿಕೊಂಡಿದ್ದಾರೆ.

ಮಾರ್ಕ್ಟ್‌ಪ್ಲಾಟ್ಸ್‌ನಿಂದ, ಅಂದರೆ ಸಂತೆ ಚೌಕದಿಂದ ಶುರು ಮಾಡಿ. ಮರದ ತೊಲೆ ಹೊರಗೇ ಕಾಣುವ ಹಳೆಯ ಪುರಸಭೆ ಕಟ್ಟಡ, ಪಕ್ಕದಲ್ಲೇ ಚರ್ಚು, ಕೋಟೆಯಿಂದ ಉಳಿದ ಎರಡು ಬುರುಜು. ಊರಿನ ಹೆಸರು ದಾಖಲೆಯಲ್ಲಿ ಮೊದಲು ಕಾಣಿಸುವುದು 1002ರಲ್ಲಿ. ಆಮೇಲೆ ಶತಮಾನಗಳ ಕಾಲ ಬಾಂಬೆರ್ಗಿನ ಬಿಷಪ್ಪರ ಕೈಯಲ್ಲಿತ್ತು. ಕೆಂಪೇಗೌಡರ ಪೇಟೆ ಶುರುವಾಗಿದ್ದು 1537ರಲ್ಲಿ, ಆದರೆ ಲೆಕ್ಕ ಒಂದೇ: ಸುತ್ತ ಕೋಟೆ, ನಡುವೆ ಸಂತೆ, ಸಂತೆಯ ಸುತ್ತ ಕಸುಬಿನವರು. ಅಕ್ಕಿಪೇಟೆ, ಬಳೇಪೇಟೆ ಸುತ್ತಿದವರಿಗೆ ಇದು ಅರ್ಥವಾಗಲು ಗೈಡ್ ಬೇಕಿಲ್ಲ.

ಅಲ್ಲಿಂದ ಔರಾಖ್ ಹೊಳೆಗೆ ಇಳಿಯಿರಿ. ಹೊಳೆ ಅಂದರೆ ನಕ್ಕುಬಿಡುತ್ತೀರಿ, ಅಷ್ಟು ಚಿಕ್ಕದು, ಆದರೆ ಊರಿನ ಕಥೆಯೆಲ್ಲ ಇಲ್ಲೇ ಇದೆ. ಮೊದಲು ಇದು ಉಣ್ಣೆ ಬಟ್ಟೆ ನೇಯುವವರ ಊರು. 19ನೇ ಶತಮಾನದಲ್ಲಿ ಮಿಲ್ ಬಟ್ಟೆ ಬಂದು ಮಗ್ಗದವರ ಹೊಟ್ಟೆಗೆ ಹೊಡೆಯಿತು, ಅವರು ಮನೆಯಲ್ಲಿ ಹಾಕುವ ಚಪ್ಪಲಿ ಹೊಲಿಯಲು ಕೂತರು. ಚಪ್ಪಲಿಯಿಂದ ಶೂ. ಅಡಿಡಾಸ್ ಮತ್ತು ಪೂಮಾ ಎರಡೂ ಇದೇ ಊರಲ್ಲಿ ಹುಟ್ಟಿದ್ದು ಕಾಕತಾಳೀಯ ಏನಲ್ಲ, ಹೊಲಿಯುವ ಕೈ ಮೊದಲೇ ಇತ್ತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಆಡಾಲ್ಫ್ ಡಾಸ್ಲರ್ ತಾಯಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಶೂ ಮಾಡಲು ಕೂತ. ತೊಗಲಿಲ್ಲ, ಸೈನಿಕರು ಬಿಟ್ಟುಹೋದ ಸಾಮಾನು ಕತ್ತರಿಸಿ ಬಳಸಿದ. ಕರೆಂಟು ನೆಚ್ಚುವಂತಿರಲಿಲ್ಲ, ಸೈಕಲ್ ಪೆಡಲ್ ತುಳಿದು ಮೆಷಿನ್ ಓಡಿಸಿದರು. 1924ರಲ್ಲಿ ಅಣ್ಣ ರುಡಾಲ್ಫ್ ಜೊತೆ ಕಂಪನಿ ಆಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ಓಡಿದ್ದು ಇವರ ಶೂನಲ್ಲಿ. 1948ರಲ್ಲಿ ಅಣ್ಣತಮ್ಮ ಬೇರೆಯಾದರು. ಅಣ್ಣ ಪೂಮಾ ಕಟ್ಟಿದ, ತಮ್ಮ 1949ರಲ್ಲಿ ತನ್ನ ಹೆಸರನ್ನೇ ಕತ್ತರಿಸಿ, ಅಡ್ಡಹೆಸರು "ಅಡಿ"ಗೆ ಡಾಸ್ಲರ್‌ನ "ಡಾಸ್" ಜೋಡಿಸಿ ಅಡಿಡಾಸ್ ಅಂದ. ಪಾಲಾದದ್ದು ಮನೆ ಮಾತ್ರ ಅಲ್ಲ, ಊರೂ ಪಾಲಾಯಿತು. ಮಾತಾಡಿಸುವ ಮೊದಲು ಎದುರಿನವನ ಶೂ ನೋಡುತ್ತಿದ್ದರಂತೆ, ಅದಕ್ಕೇ "ಬಗ್ಗಿದ ಕತ್ತಿನ ಊರು" ಅಂತ ಅಡ್ಡಹೆಸರು. ಮನೆ ರಿಪೇರಿ ಕೆಲಸಕ್ಕೆ ರುಡಾಲ್ಫ್ ಮನೆಗೆ ಹೋಗುವವರು ಬೇಕಂತಲೇ ಅಡಿಡಾಸ್ ಹಾಕಿಕೊಂಡು ಹೋಗುತ್ತಿದ್ದರು, ನೋಡಲಾರದೆ ಅವನು ಪುಕ್ಕಟೆ ಪೂಮಾ ಕೊಡುತ್ತಿದ್ದ ಅನ್ನುವ ಕಥೆಯೂ ಇದೆ. ನಮ್ಮ ಕಡೆ ಆಸ್ತಿ ಜಗಳ ಕಂಡವರಿಗೆ ಇದು ಹೊಸದೇನಲ್ಲ ಬಿಡಿ. ಇಬ್ಬರ ಸಮಾಧಿಯೂ ಒಂದೇ ಸ್ಮಶಾನದಲ್ಲಿದೆ, ಆ ತುದಿಗೊಂದು ಈ ತುದಿಗೊಂದು. ಎರಡೂ ಕಂಪನಿಯವರು ಕೊನೆಗೆ 2009ರಲ್ಲಿ ಒಟ್ಟಿಗೆ ಫುಟ್‌ಬಾಲ್ ಆಡಿದರು.

ಶೂ ಗುಂಗಿನಲ್ಲಿ ಬೇರಿಂಗ್ ಮಾಡುವ ಕಂಪನಿ ಷೆಫ್ಲರ್ ಮರೆಯಬೇಡಿ. ಇಂಜಿನಿಯರ್ ಆಗಿದ್ದರೆ ನಿಮ್ಮನ್ನು ಕಳಿಸಿರುವುದೇ ಅದಕ್ಕಿರಬಹುದು! 1946ರಲ್ಲಿ ಇಲ್ಲಿ ಶುರುವಾದಾಗ ಅವರು ಮಾಡುತ್ತಿದ್ದದ್ದು ಮರದ ಕೈಗಾಡಿ. 1949ರಲ್ಲಿ ಸೂಜಿಯಂಥ ರೋಲರ್‌ಗಳನ್ನು ಪಂಜರದಲ್ಲಿ ಕೂರಿಸಿದ ಬೇರಿಂಗ್ ಬಂತು, ಕಾರಿನವರು ಕೊಳ್ಳತೊಡಗಿದರು. ಕಾಲು ಗಟ್ಟಿಯಿದ್ದರೆ ಉತ್ತರದ ದಿಬ್ಬವನ್ನೂ ಹತ್ತಿ. 1992ರವರೆಗೆ ಅಮೆರಿಕದ ಸೇನೆ ಬೀಡುಬಿಟ್ಟಿದ್ದ ಆ ಜಾಗದಲ್ಲಿ ಈಗ ಅಡಿಡಾಸ್ ಮುಖ್ಯ ಕಚೇರಿ ಇದೆ.

ಊಟಕ್ಕೆ, ಮೀನು ತಿನ್ನುವವರಾದರೆ ಕಾರ್ಪ್ ಕೇಳಿ. ಸುತ್ತಮುತ್ತ ನಮ್ಮ ಕೆರೆಗಳಂಥ ಹೊಂಡಗಳು ತುಂಬ ಇವೆ, ಅಲ್ಲೇ ಸಾಕುತ್ತಾರೆ, ಅರ್ಧ ಮೀನನ್ನು ಬಾಲದ ಸಮೇತ ಗರಿಗರಿಯಾಗಿ ಕರಿದು ತಟ್ಟೆ ತುಂಬ ಇಡುತ್ತಾರೆ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಸಸ್ಯಾಹಾರಿಗಳು ಆಲೂಗಡ್ಡೆ ಉಂಡೆ ತಗೊಳ್ಳಿ, ಆದರೆ ಮೇಲೆ ಸುರಿಯುವ ಸಾರು ಮಾಂಸದ್ದೇ, ಬೇಡ ಅಂತ ಮೊದಲೇ ಹೇಳಿ.

ವಾಪಸ್ ಬರಲು ಸ್ಟೇಷನ್ ಹುಡುಕಬೇಡಿ. ಪ್ರಯಾಣಿಕರ ರೈಲು 1984ರಲ್ಲೇ ನಿಂತಿದೆ. ಪಕ್ಕದ ಊರು ಎರ್ಲಾಂಗೆನ್‌ಗೆ ಬಸ್ಸು ಇದೆ, ಭಾನುವಾರ ಕಡಿಮೆ, ವೇಳೆ ನೋಡಿಕೊಂಡೇ ಊಟಕ್ಕೆ ಕೂರಿ.