ಊಬು ಮೂಡುವ ಮುನ್ನ

ಕಪ್ಪತಗುಡ್ಡದ ಸೆರಗಿನಲ್ಲಿ, ಮುಂಡರಗಿ ತಾಲ್ಲೂಕಿನ ಮಗ್ಗುಲಿಗೆ, ಗರಸು ಬೆರೆತ ಆರು ಎಕರೆ ಮಸಾರಿ ಬೀಳು ನಮ್ಮದು. ನಲವತ್ತು ದಕ್ಕನಿ ಕುರಿಗಳಿಗೂ ಒಂದು ಜೋಡಿ ಎತ್ತುಗಳಿಗೂ ಅದೇ ಮೇವಿನ ನೆಲ. 2017ರ ದೀಪಾವಳಿಯ ಆಸುಪಾಸಿನಲ್ಲಿ ಒಂದು ಮರಿ ಎಡಗಣ್ಣು ಮುಚ್ಚಿಕೊಂಡು ನೀರು ಸುರಿಸುತ್ತ ನಿಂತಿತ್ತು. ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಹುಲ್ಲಿನ ಬೀಜ ನಾಟಿತ್ತು. ಚಿಮಟದಿಂದ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ: ಸೂಜಿಯಂಥ ಮೊನೆ, ಮೊನೆಯ ಮೇಲೆ ಹಿಮ್ಮುಖವಾದ ನವಿರು ಕೂದಲು, ಬಾಲದಲ್ಲಿ ಮೂರಾಗಿ ಕವಲೊಡೆದ ಊಬು, ಅಂದರೆ ಬಿರುಸಾದ ಎಳೆ. ಎರಡು ಬೆರಳ ನಡುವೆ ಹೊಸೆದರೆ ಅದು ಮೊನೆಯ ಕಡೆಗೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಆ ವರ್ಷ ಉಣ್ಣೆ ಕತ್ತರಿಸಲು ಬಂದವರು ನಮ್ಮ ಕುರಿಗಳ ಮೈ ಮುಟ್ಟಿ ನೋಡಿ, ಕೂಲಿ ಹೆಚ್ಚಿಗೆ ಕೇಳಿದರು.

ನಾವು ಊಬಿನ ಹುಲ್ಲು ಎನ್ನುವ ಇದಕ್ಕೆ ಸಸ್ಯಶಾಸ್ತ್ರದಲ್ಲಿ ಅರಿಸ್ಟಿಡಾ ಎನ್ನುತ್ತಾರೆ. ಕಾಂಗ್ರೆಸ್ ಕಸದಂತೆ ಇದು ಹೊರದೇಶದಿಂದ ಬಂದದ್ದಲ್ಲ, ದಖ್ಖನಿನ ಬಡ ನೆಲದಲ್ಲಿ ಮೊದಲಿನಿಂದಲೂ ಇರುವ ವಾರ್ಷಿಕ ಹುಲ್ಲು. ಮೊದಲು ಅಂಚಿನಲ್ಲಿದ್ದದ್ದು ಹೊಲದ ನಡುವಿಗೆ ಬಂದದ್ದಕ್ಕೆ ಕಾರಣ ನಾವೇ. 2015 ಮತ್ತು 2016ರ ಸಾಲು ಬರದಲ್ಲಿ ಬೇರೆ ದಾರಿ ಕಾಣದೆ ಬೀಳನ್ನು ವರ್ಷದುದ್ದಕ್ಕೂ ತೆರೆದಿಟ್ಟೆವು. ಬಹುವಾರ್ಷಿಕ ಹುಲ್ಲು ತನ್ನ ಬಲವನ್ನು ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟುಕೊಂಡಿರುತ್ತದೆ. ಚಿಗುರಿದಾಗಲೆಲ್ಲ ಮೇಯಿಸಿದರೆ ಆ ಗಂಟು ಕರಗಿ, ಮುಂದಿನ ಮಳೆಗೆ ಏಳಲು ಅದರಲ್ಲಿ ಏನೂ ಉಳಿಯುವುದಿಲ್ಲ. ವಾರ್ಷಿಕಕ್ಕೆ ಕೂಡಿಡುವ ಗೊಡವೆಯೇ ಇಲ್ಲ, ಅದರ ಆಸ್ತಿಯೆಲ್ಲ ಬೀಜ. 2017ರ ಆರಿದ್ರಾ ಮಳೆಯ ನಂತರ ಅಡಿ ಚೌಕದ ಕಟ್ಟಿಗೆಯ ಚೌಕಟ್ಟೊಂದನ್ನು ಹತ್ತು ಕಡೆ ಇಟ್ಟು ಎಣಿಸಿದ್ದೆ. ಚೌಕವೊಂದಕ್ಕೆ ಸರಾಸರಿ ಅರವತ್ತಕ್ಕೂ ಹೆಚ್ಚು ಊಬಿನ ಹುಲ್ಲಿನ ಸಸಿಗಳಿದ್ದವು, ಹಳೆಯ ಹುಲ್ಲಿನ ಬುಡ ಏಳು ಚೌಕಗಳಲ್ಲಿ ಒಂದೂ ಇರಲಿಲ್ಲ.

ಮೊದಲು ಮಾಡಿದ್ದು ತಪ್ಪು ಕೆಲಸ. 2018ರ ಫೆಬ್ರುವರಿಯಲ್ಲಿ ಒಣಗಿದ ಕರಡಕ್ಕೆ ಬೆಂಕಿ ಹಚ್ಚಿದೆ. ಅಷ್ಟರಲ್ಲಿ ಬೀಜ ಉದುರಿ ಗರಸಿನ ಸಂದಿಗಳಲ್ಲಿ ಸೇರಿಕೊಂಡಾಗಿತ್ತು. ಬೆಂಕಿ ಮೇಲೆ ಹಾದುಹೋಯಿತು, ಬದುವಿನ ಮೇಲಿದ್ದ ಎರಡು ಬೇವಿನ ಸಸಿಗಳು ಸುಟ್ಟವು, ಮುಂಗಾರಿಗೆ ಊಬಿನ ಹುಲ್ಲು ಮೊದಲಿಗಿಂತ ದಟ್ಟವಾಗಿ ಎದ್ದಿತು. ನಮ್ಮೂರಿನ ಹಿರಿಯ ಕುರಿಗಾರರೊಬ್ಬರು, “ಸುಟ್ಟಿ ಅಂದ್ರ ಅದಕ್ಕ ಹೊಲ ಹಸನ ಮಾಡಿ ಕೊಟ್ಟಂಗ ಆತು, ತಮ್ಮಾ” ಎಂದರು. ಅಮೆರಿಕದ ಪಶ್ಚಿಮ ರಾಜ್ಯಗಳ ಮೇವಿನ ಬಯಲುಗಳಲ್ಲಿ ಚೀಟ್‌ಗ್ರಾಸ್ ಎಂಬ ಪರದೇಶಿ ವಾರ್ಷಿಕ ಹುಲ್ಲು ನಡೆಸಿರುವುದೂ ಇದನ್ನೇ ಎಂದು ಆಮೇಲೆ ಓದಿದೆ: ಅದು ಅಲ್ಲಿನ ಸ್ಥಳೀಯ ಸಸ್ಯಗಳಿಗಿಂತ ಮೊದಲೇ ಒಣಗಿ ಬೆಂಕಿಗೆ ಉರುವಲಾಗುತ್ತದೆ, ಸುಟ್ಟ ಬರಿ ನೆಲವನ್ನು ಮತ್ತೆ ತಾನೇ ತುಂಬುತ್ತದೆ.

ಅಲ್ಲಿಂದ ಮುಂದೆ ಬೀಜದ ಮೇಲೆ ಕಣ್ಣಿಟ್ಟೆ. ಈ ಹುಲ್ಲನ್ನು ಎಳೆಯದಾಗಿರುವಾಗ ಕುರಿಗಳು ತಿನ್ನುತ್ತವೆ, ಊಬು ಹೊರಬಿದ್ದ ಮೇಲೆ ಮೂಸಿಯೂ ನೋಡುವುದಿಲ್ಲ. ತೀರಾ ಬೇಗ ಮೇಯಿಸಿದರೆ ತೆನೆಯ ಮೊಳಕೆ ಇನ್ನೂ ಬುಡದಲ್ಲೇ ಇರುವುದರಿಂದ ಮತ್ತೆ ಏಳುತ್ತದೆ. ನಮಗೆ ಬೇಕಾದದ್ದು ಹೊಡೆ ತುಂಬಿದ ಆ ಕೆಲವೇ ದಿನಗಳು. ಬೆಳಿಗ್ಗೆ ಹೊಲಕ್ಕೆ ಹೋಗಿ ಹತ್ತಿಪ್ಪತ್ತು ದಂಟುಗಳನ್ನು ಬೆರಳಲ್ಲಿ ಒತ್ತಿ ನೋಡುವ ರೂಢಿ ಮಾಡಿಕೊಂಡೆ. ಮೇಲಿನ ಎಲೆಯ ಒರೆಯೊಳಗೆ ಉಬ್ಬು ಸಿಕ್ಕರೆ ಮರುದಿನವೇ ಕುರಿ ಬಿಡಬೇಕು. ಬೀಳನ್ನು ಬಳ್ಳಾರಿ ಜಾಲಿಯ ಒಣ ಟೊಂಗೆಗಳ ಬೇಲಿಯಿಂದ ನಾಲ್ಕು ಭಾಗ ಮಾಡಿದೆ (ಅದೂ ಒಂದು ಅತಿಕ್ರಮಣಕಾರ ಗಿಡವೇ, ಕಾಯಿ ಇರುವ ಟೊಂಗೆ ತರದಂತೆ ನೋಡಿಕೊಂಡೆ). ನಲವತ್ತು ಕುರಿಗಳು ಸಾಲುವುದಿಲ್ಲ, ಅವು ಆಯ್ದು ಆಯ್ದು ರುಚಿಯಾದದ್ದನ್ನೇ ತಿನ್ನುತ್ತವೆ. ಆದ್ದರಿಂದ ಸಂಚಾರಿ ಕುರಿಗಾರರ ಇನ್ನೂರರಷ್ಟು ಕುರಿಗಳ ಹಿಂಡನ್ನು ಕರೆಸಿ, ಒಂದೊಂದು ಭಾಗದಲ್ಲಿ ಎರಡೆರಡು ದಿನ ಮೇಯಿಸಿ, ರಾತ್ರಿ ಅಲ್ಲೇ ತರುಬಿಸಿದೆ. ಆಮೇಲೆ ಆ ಭಾಗಕ್ಕೆ ನಲವತ್ತು ದಿನ ಯಾವ ದನಕರುವನ್ನೂ ಬಿಡಲಿಲ್ಲ. ತಪ್ಪಿಸಿಕೊಂಡ ಗಿಡಗಳು ಮುಂದಿನ ಮಳೆಗೆ ನೆಲಮಟ್ಟದಲ್ಲೇ ಗಿಡ್ಡ ತೆನೆ ಹಾಕುತ್ತವೆ. ಅವನ್ನು ಕೈಯಿಂದ ಕಿತ್ತು ಬೇರೆಯೇ ಗುಂಡಿಯಲ್ಲಿ ಹೂಳಿದೆವು. ತಿಪ್ಪೆಗೆ ಹಾಕಿದರೆ ಗೊಬ್ಬರದ ಗಾಡಿಯೇರಿ ಬೀಜ ಮತ್ತೆ ಹೊಲಕ್ಕೆ ಬರುತ್ತದೆ.

ತೆರವಾದ ಜಾಗವನ್ನು ಏನಾದರೂ ತುಂಬಲೇಬೇಕು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಾನು ಆರಿಸಿಕೊಂಡದ್ದು ಬಹುವಾರ್ಷಿಕವಾದ ಅಂಜನ್ ಹುಲ್ಲು ಮತ್ತು ಸ್ಟೈಲೋ ಎಂಬ ದ್ವಿದಳ ಮೇವು. ಅಂಜನ್ ಬೀಜ ಹತ್ತಿಯ ಎಳೆಯಷ್ಟು ಹಗುರ, ಎರಚಿದರೆ ಗಾಳಿಗೆ ಹಾರುತ್ತದೆ. ಅದಕ್ಕಾಗಿ ಸೆಗಣಿ ಮತ್ತು ಕೆಂಪು ಮಣ್ಣಿನಲ್ಲಿ ಕಲಸಿ ಕಡಲೆ ಗಾತ್ರದ ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿದೆವು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಮೂರು ತಂಬಿಗೆ ಕುದಿನೀರಿಗೆ ಒಂದು ತಂಬಿಗೆ ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಆಗುತ್ತದೆ, ಅದರಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆದರೆ ಮೊಳಕೆ ಚೆನ್ನಾಗಿ ಬರುತ್ತದೆ. 2019ರ ಬಿತ್ತನೆಯನ್ನು ಆಗಸ್ಟ್ ಮಳೆ ಕೊಚ್ಚಿಕೊಂಡು ಹೋಯಿತು. ಮಲಪ್ರಭೆ ಉಕ್ಕಿ ಊರುಗಳು ಮುಳುಗಿದ ಆ ವಾರ ನನ್ನ ಉಂಡೆಗಳೆಲ್ಲ ಇಳಿಜಾರಿನ ಕೆಳಗಿನ ಒಡ್ಡಿನಲ್ಲಿ ಗುಂಪಾಗಿ ಸೇರಿದ್ದವು. ಮರುವರ್ಷ ಇಳಿಜಾರಿಗೆ ಅಡ್ಡಲಾಗಿ ರಂಟೆ ಹೊಡೆದು ಸಾಲುಗಳಲ್ಲಿ ಉಂಡೆ ಹಾಕಿದೆ, ಒಡ್ಡಿನಲ್ಲಿ ಹುಟ್ಟಿದ್ದ ಬುಡಗಳನ್ನು ಸೀಳಿ ಖಾಲಿ ಜಾಗಗಳಿಗೆ ನೆಟ್ಟೆ. ಮೊದಲ ವರ್ಷ ಮುಟ್ಟಲಿಲ್ಲ, ಎರಡನೆಯ ವರ್ಷ ಕುಡುಗೋಲಿನಿಂದ ಕೊಯ್ದು ಹಾಕಿದೆವು, ಮೂರನೆಯ ವರ್ಷ ನಾಲ್ಕು ಬೆರಳು ಬುಡ ಉಳಿಯುವಂತೆ ಮೇಯಿಸಿದೆವು.

2022ರಲ್ಲಿ ಅದೇ ಚೌಕಟ್ಟು ಇಟ್ಟು ಎಣಿಸಿದಾಗ ಚೌಕಕ್ಕೆ ಎಂಟೊಂಬತ್ತು ಸಸಿಗಳು ಸಿಕ್ಕವು. ಎರಡು ಮಳೆಗಾಲ ಸತತವಾಗಿ ಬೀಜ ಬೀಳದಂತೆ ತಡೆದ ಭಾಗಗಳಲ್ಲಿ ಇಳಿಕೆ ಹೆಚ್ಚು. ಒಂದು ಸಲ ದಿನ ತಪ್ಪಿಸಿದ ಮೂಲೆಯಲ್ಲಿ ಮುಂಚಿನಂತೆಯೇ ಇತ್ತು. 2023ರ ಬರದಲ್ಲಿ ಮತ್ತೆ ಬೀಳಿಗೆ ಕುರಿ ನುಗ್ಗಿಸುವ ಒತ್ತಾಯ ಬಂದಾಗ ಹದಿನಾಲ್ಕು ಕುರಿಗಳನ್ನು ಸಂತೆಯಲ್ಲಿ ಕಡಿಮೆ ಬೆಲೆಗೆ ಮಾರಿದೆ. ಮನೆಯಲ್ಲಿ ಆ ಲೆಕ್ಕ ಯಾರಿಗೂ ಹಿಡಿಸಲಿಲ್ಲ, ಆದರೆ ಅಂಜನ್ ಬುಡಗಳು ಉಳಿದವು.

ಕುರಿಗಳು ನೀರಿಗೆ ಹೋಗುವ ದಾರಿಯಲ್ಲಿ ಊಬಿನ ಹುಲ್ಲು ಇನ್ನೂ ಇದೆ, ಅಲ್ಲಿನ ನೆಲ ಗೊರಸಿನಡಿ ಕಲ್ಲಾಗಿದೆ. ಮೂಡಲ ಬದುವಿನಾಚೆ ಊರಿನ ಗಾಯರಾಣ (ಗೋಮಾಳ) ಇದೆ, ಗಾಳಿಗೆ ಮತ್ತು ಉಣ್ಣೆಗೆ ಅಂಟಿ ಬೀಜ ಅಲ್ಲಿಂದ ಪ್ರತಿವರ್ಷ ಬರುತ್ತದೆ. ಹೀಗಾಗಿ ಆ ಬದುವಿಗೆ ಹೊಂದಿ ಎರಡು ಗಾಡಿ ಅಗಲದ ಪಟ್ಟಿಯನ್ನು ಹುಬ್ಬಿ ಮಳೆಯ ಹೊತ್ತಿಗೆ ಕೈಯಿಂದಲೇ ಕೀಳುತ್ತೇವೆ. ಇಬ್ಬರು ಕುಳಿತರೆ ಮೂರು ದಿನದ ಕೆಲಸ.