ಸಾವಿನ ಮನೆಗೆ ಕುರ್ಚಿ ಕಳಿಸುವ ಸಭೆ: ಒಬ್ಬ ಖಜಾಂಚಿಯ ಅನುಭವ

ನಮ್ಮ ಸಭೆ, ಅಂದರೆ ಚರ್ಚು, ದೊಡ್ಡದೇನಲ್ಲ. ಭಾನುವಾರದ ಆರಾಧನೆಗೆ ನೂರರ ಆಚೀಚೆ ಜನ ಸೇರುತ್ತಾರೆ. ಕ್ರಿಸ್ಮಸ್ಸಿಗೆ ಬೆಂಚು ಸಾಲದೆ ಹೊರಗೆ ಶಾಮಿಯಾನ ಹಾಕಿಸುತ್ತೇವೆ, ಅಷ್ಟೇ. ಉತ್ತರ ಕರ್ನಾಟಕದ ಒಂದು ಊರಿನ ಸಭೆ ಇದು. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಕಾಲದ ಹಳೇ ಸಭೆ, ಈಗ ಸಿಎಸ್‌ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದ್ದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸಭಾ ಸಮಿತಿಯಲ್ಲಿ ಖಜಾಂಚಿ. ಪ್ರಸಂಗ, ಅಂದರೆ ಉಪದೇಶ, ಮಾಡುವವನಲ್ಲ, ಲೆಕ್ಕ ಬರೆಯುವವನು. ಹಾಗಾಗಿ ಇಲ್ಲಿರೋದೂ ಲೆಕ್ಕದವನ ಮಾತೇ.

ಪ್ರಭಾವ ಇರುವ ಸಭೆ ಯಾವುದು ಅಂತ ನಮ್ಮ ಯುವಜನ ಕೂಟದ ಹುಡುಗರನ್ನು ಕೇಳಿದರೆ ಬೆಂಗಳೂರಿನ ದೊಡ್ಡ ದೊಡ್ಡ ಸಭೆಗಳ ಹೆಸರು ಹೇಳುತ್ತಾರೆ. ಒಂದೇ ಭಾನುವಾರ ನಾಲ್ಕೈದು ಆರಾಧನೆ, ಬಣ್ಣದ ಲೈಟು, ಡ್ರಮ್ಸು, ಯೂಟ್ಯೂಬಿನಲ್ಲಿ ನೇರಪ್ರಸಾರ. ನನಗೆ ಅದರ ಮೇಲೆ ಸಿಟ್ಟಿಲ್ಲ. ಹಾಡು ಚೆನ್ನಾಗಿದ್ದರೆ ನಾನೂ ತಲೆದೂಗುತ್ತೇನೆ. ಆದರೆ ಅದು ಒಳಗೆ ಬಂದವರ ಲೆಕ್ಕ. ನಾನು ನೋಡೋದು ಬೇರೆ. ಚರ್ಚಿನ ಮೆಟ್ಟಿಲು ಯಾವತ್ತೂ ಹತ್ತದ ಮನುಷ್ಯನಿಗೆ ರಾತ್ರಿ ಎರಡು ಗಂಟೆಗೆ ಕಷ್ಟ ಬಂದರೆ ನಮ್ಮ ನೆನಪಾಗುತ್ತಾ? ಅವನ ಫೋನಿನಲ್ಲಿ ನಮ್ಮವರ ಒಬ್ಬರ ನಂಬರ್ ಇದೆಯಾ? ಇಲ್ಲ ಅಂದರೆ ಸಾವಿರ ಜನ ಸೇರಿದರೂ ಆ ಓಣಿಗೆ ನಾವು ಒಂದು ಕಟ್ಟಡ ಮಾತ್ರ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1837ಕ್ಕೆ ಧಾರವಾಡಕ್ಕೆ, 1839ಕ್ಕೆ ಹುಬ್ಬಳ್ಳಿಗೆ ಬಂದರು. ಅವರ ಸಭೆಗಳಲ್ಲಿ ಜನ ಯಾವಾಗಲೂ ಕಡಿಮೆಯೇ. ಆದರೆ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಟಿದ್ದು ಅವರ ಕೈಯಿಂದ. 1865ರಲ್ಲಿ ಅವರು ಶುರುಮಾಡಿದ ಹೆಂಚು ಎಲ್ಲ ಜಾತಿಯವರ ಮನೆ ಮೇಲೂ ಕೂತಿತು. 1894ರ ಕಿಟೆಲ್ ನಿಘಂಟನ್ನು ಇವತ್ತಿಗೂ ಕನ್ನಡ ಮೇಷ್ಟ್ರುಗಳು ತೆಗೆದು ನೋಡುತ್ತಾರೆ. ಗದಗದ ಪಕ್ಕದ ಬೆಟಗೇರಿಯ ಕಡೆಯವರಿಗೆ ಅವರ ಆಸ್ಪತ್ರೆಯನ್ನು 'ಜರ್ಮನ್ ದವಾಖಾನಿ' ಅಂದರೆ ಸಾಕು, ವಿಳಾಸ ಬೇಡ. ಇದನ್ನೆಲ್ಲ ಬಳಸಿದವರಲ್ಲಿ ಎಷ್ಟು ಜನ ಆರಾಧನೆಗೆ ಬಂದರು ಅಂತ ಯಾರೂ ಕೇಳಲ್ಲ. ನಾವು ಮಾತ್ರ ಎರಡು ಮೂರು ತಲೆಮಾರಿನಿಂದ ಅವರು ಇಟ್ಟುಹೋದ ಹೆಸರಿನ ಬಡ್ಡಿಯಲ್ಲೇ ಕಾಲ ಹಾಕುತ್ತಿದ್ದೆವು.

ಸಾವಿನ ಮನೆಗೆ ನೆರವಾಗುವ ಈ ಕೆಲಸ ಶುರುವಾಗಿದ್ದು ಹೊರಗಿನವರಿಂದಲ್ಲ, ನಮ್ಮದೇ ಸಮಾಧಿ ಜಾಗದಿಂದ. ಹಳೇ ಸಭೆಗಳಲ್ಲಿ ಇರುವವರಿಗೆ ಗೊತ್ತಿರುತ್ತೆ: ಯಾರಾದರೂ ತೀರಿಕೊಂಡರೆ ಗುಂಡಿ ತೋಡುವ ಮೊದಲು ಚಂದಾ ಪುಸ್ತಕ ತೆಗೆಯುವ ರೂಢಿ. ಬಾಕಿ ಇದ್ದರೆ ಮನೆಯವರು ಅದನ್ನು ಕಟ್ಟಿಯೇ ಜಾಗ ಕೇಳಬೇಕು. ಅಳುತ್ತಾ ಕೂತ ಮನೆಯಲ್ಲಿ ಬಾಕಿಯ ಮಾತು! ಆಗಿನ ಸಭಾಪಾಲಕರು, ಅಂದರೆ ನಮ್ಮ ಅಯ್ಯನವರು, ಸಮಿತಿಯಲ್ಲಿ ಇದನ್ನೇ ಮೊದಲು ಎತ್ತಿದರು. "ನಮ್ಮವರ ಹೆಣದ ಮುಂದೆ ನಾವು ರಸೀದಿ ಹರೀತಿದ್ರ, ಊರಿನವರಿಗೆ ಯಾವ ಸುವಾರ್ತೆ ಹೇಳೂದು?" ಅಂದರು. ದೊಡ್ಡ ಜಗಳವಾಯಿತು. ಬಾಕಿ ಬಿಟ್ಟರೆ ಇನ್ನು ಯಾರೂ ಚಂದಾ ಕೊಡಲ್ಲ ಅನ್ನೋದು ಹಿರಿಯರ ವಾದ. ಕಡೆಗೆ, ಸದಸ್ಯರು ತೀರಿಕೊಂಡ ದಿನವೇ ಅವರ ಬಾಕಿ ಸೊನ್ನೆ ಅಂತ ಠರಾವು ಆಯಿತು. ಅದನ್ನು ಭಾನುವಾರ ಎಲ್ಲರ ಮುಂದೆ ನಾನೇ ಓದಿದೆ. ಚಂದಾ ನಿಲ್ಲಲಿಲ್ಲ.

ಅದೇ ವರ್ಷ ಸುಗ್ಗಿ ಹಬ್ಬದಲ್ಲಿ ಸಭೆಯವರು ಕಾಣಿಕೆ ತಂದದ್ದರ ಹರಾಜಿನಲ್ಲಿ ಒಳ್ಳೆ ದುಡ್ಡು ಬಂದಿತ್ತು. (ಒಂದು ಕುಂಬಳಕಾಯಿ ಸಾವಿರಗಟ್ಟಲೆಗೆ ಹೋಗೋದು ನಮ್ಮ ಸುಗ್ಗಿ ಹಬ್ಬದಲ್ಲಿ ಮಾತ್ರ. ಇಬ್ಬರು ಬೀಗರು ಎದುರುಬದುರು ಕೂತರೆ ಖಜಾಂಚಿಗೆ ಹಬ್ಬ.) ಯುವಕರು ಎಲ್‌ಇಡಿ ಗೋಡೆ ಬೇಕು ಅಂದರು, ಕೊಟೇಶನ್ನೂ ತಂದಿದ್ದರು. ಅಯ್ಯನವರು ಬೇಡ ಅನ್ನಲಿಲ್ಲ. ಪಕ್ಕದ ಓಣಿಗಳಿಗೆ ನಾಲ್ಕು ಹುಡುಗರು ಹೋಗಿ, ಹೋದ ವರ್ಷ ಯಾರ ಮನೆಯಲ್ಲಿ ಸಾವಾಯಿತು, ಆಗ ಏನು ಸಿಗಲಿಲ್ಲ ಅಂತ ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಅಂದರು. ಹುಡುಗರು ಹೋಗಿ ಬಂದರು. ಮಗ ಪುಣೆಯಿಂದ, ಗೋವಾದಿಂದ ಬರುವ ತನಕ ಹೆಣ ಕೆಡದ ಹಾಗೆ ಇಡೋದು ಕಷ್ಟ, ಬಾಡಿಗೆ ಪೆಟ್ಟಿಗೆ ಬಹಳ ತುಟ್ಟಿ ಅಂತ ಸುಮಾರು ಮನೆಯವರು ಹೇಳಿದ್ದರು. ನಮ್ಮ ಭಾಗದ ಎಷ್ಟೋ ಮನೆಗಳ ಗಂಡಸರು ಗಾರೆ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಅಂತ ಊರು ಬಿಟ್ಟಿರುತ್ತಾರಲ್ಲ. ಎಲ್‌ಇಡಿ ದುಡ್ಡಿನಲ್ಲಿ ಫ್ರೀಜರ್ ಪೆಟ್ಟಿಗೆ ಬಂತು, ಪ್ಲಾಸ್ಟಿಕ್ ಕುರ್ಚಿ ಬಂದವು, ಎರಡು ಜಮಖಾನ, ಒಂದು ನೀರಿನ ಡ್ರಮ್ಮು ಬಂತು.

ಪೆಟ್ಟಿಗೆ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇದನ್ನು ಯಾರೂ ಬರೆದಿಡೋದಿಲ್ಲ. ಗಾಜಿನ ಮುಚ್ಚಳ, ಕೆಳಗೆ ಗಾಲಿ. ಆದರೆ ಓಣಿಯಲ್ಲಿ ಗಾಲಿ ಉರುಳಲ್ಲ, ನಾಲ್ಕು ಜನ ಹೊರಲೇಬೇಕು. ಟಂಟಂ ಗಾಡಿಯಲ್ಲಿ ಒಯ್ಯುವಾಗ ಅಡ್ಡ ಮಲಗಿಸಬಾರದು, ಕಂಪ್ರೆಸರ್ ಹಾಳಾಗುತ್ತೆ. ಹೆಣ ಇಡುವ ಮೊದಲೇ ಖಾಲಿ ಪೆಟ್ಟಿಗೆಯನ್ನು ಓಡಿಸಿ ತಣ್ಣಗೆ ಮಾಡಿಕೊಳ್ಳಬೇಕು. ಸಂಜೆ ಎಲ್ಲರ ಮನೆ ಲೈಟು ಹತ್ತಿದಾಗ ಓಲ್ಟೇಜ್ ಬಿದ್ದುಹೋಗುತ್ತೆ, ಸ್ಟೆಬಿಲೈಸರ್ ಜೊತೆಗೇ ಇರಬೇಕು. ನೀರು ಹೋಗುವ ನಳಿಗೆ ಕೆಳಗೆ ಬಕೆಟ್ ಇಡೋದು ಮರೆತರೆ ಬೆಳಗಿನ ಹೊತ್ತಿಗೆ ಪಡಸಾಲೆ ಒದ್ದೆ. ವಾಪಸ್ ಬಂದ ಮೇಲೆ ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಬಿಸಿಲಿಗೆ ಮುಚ್ಚಳ ತೆಗೆದಿಟ್ಟು, ಆಮೇಲೆ ಒಳಗೆ. ಅಪಘಾತ, ವಿಷ, ನೇಣು ಅಂದರೆ ಪೊಲೀಸರ ಪಂಚನಾಮೆ ಮತ್ತು ಪೋಸ್ಟ್‌ಮಾರ್ಟಂ ಮುಗಿಯದೆ ಪೆಟ್ಟಿಗೆ ಕೊಡೋದಿಲ್ಲ. ಇದರಲ್ಲಿ ಯಾರ ಶಿಫಾರಸೂ ನಡೆಯಲ್ಲ.

ತಂದ ಮೇಲೆ ನೋಡಿದರೆ, ಪೆಟ್ಟಿಗೆ ಎಲ್ಲರಿಗೂ ಆಗಿಬರೋದಿಲ್ಲ. ಲಿಂಗಾಯತರ ಮನೆಯಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ, ವಿಭೂತಿ ಹಚ್ಚಿ ಹೂವು ಹಾಕುತ್ತಾರೆ, ಮಣ್ಣು ಮಾಡುವುದೂ ಕೂತ ಹಾಗೇ. ಮಲಗಿಸುವ ಪೆಟ್ಟಿಗೆ ಅಲ್ಲಿ ಏನು ಕೆಲಸಕ್ಕೆ? ಮೊದಲ ಸಲ ಹೋದಾಗ ಆ ಮನೆಯ ಹಿರಿಯರು, "ಪೆಟ್ಟಿಗಿ ಬ್ಯಾಡ್ರಿ ಅಣ್ಣಾರ. ರಾತ್ರಿ ಭಜನಿ ಮಂದಿ ಕೂಡ್ತಾರ, ಕುರ್ಚಿ, ಜಮಖಾನಿ ಇದ್ರ ಕೊಡ್ರಿ" ಅಂದರು. ಮುಸ್ಲಿಮರ ಮನೆಯಲ್ಲಿ ದಫನ್ ಬೇಗ ಆಗಬೇಕು, ಅವರು ತಡಮಾಡುವವರಲ್ಲ. ಹೆಣ ಹೊರುವ ಡೋಲಿ ಮಸೀದಿಯಿಂದಲೇ ಬರುತ್ತೆ. ಅಲ್ಲಿ ಬೇಕಾಗಿದ್ದು ಮಯ್ಯತ್ (ಹೆಣ) ತೊಳೆಯೋಕೆ ನೀರು ಮತ್ತು ಅಡ್ಡ ಕಟ್ಟೋಕೆ ಪರದೆ. ನಲ್ಲಿ ನೀರು ವಾರಕ್ಕೊಮ್ಮೆ ಬಿಡುವ ಓಣಿಯಲ್ಲಿ ನೀರಿನ ಡ್ರಮ್ಮು ಎಷ್ಟು ದೊಡ್ಡ ವಸ್ತು ಅಂತ ಅಲ್ಲೇ ತಿಳಿಯೋದು. ಹೀಗೆ ನಮ್ಮ ಹುಡುಗರು ಸಾಮಾನು ಒಯ್ಯುವ ಮೊದಲು "ನಿಮ್ಮಲ್ಲಿ ಪದ್ಧತಿ ಹೆಂಗ್ರಿ, ಏನು ಬೇಕ್ರಿ?" ಅಂತ ಕೇಳುವುದನ್ನು ಕಲಿತರು. ನನ್ನ ಕೇಳಿದರೆ ಸಂಡೇ ಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಇದೇ ಜಾಸ್ತಿ.

ಊಟದ ವಿಷಯ ನಾಜೂಕು. ಸಾವಾದ ಮನೆಯಲ್ಲಿ ಒಲೆ ಹಚ್ಚೋದಿಲ್ಲ, ನೆರೆಯವರು ತಂದುಕೊಡುತ್ತಾರೆ. ಆದರೆ ಯಾರ ಮನೆಯಿಂದ ಬಂದ ಅನ್ನ ಯಾರು ಉಣ್ಣುತ್ತಾರೆ ಅನ್ನೋದು ನಮ್ಮೂರಿನಲ್ಲಿ ಇನ್ನೂ ಮುಗಿದಿಲ್ಲ. ನಾವು ಅದಕ್ಕೆ ವಾದ ಮಾಡಲಿಲ್ಲ. ಅಂಗಡಿಯಿಂದ ಚಹಾ ಕ್ಯಾನ್ ತರಿಸಿ ಇಟ್ಟೆವು, ಮಕ್ಕಳಿಗೆ ಬಿಸ್ಕಿಟ್. ಚಹಾಕ್ಕೆ ಯಾರೂ ಜಾತಿ ಕೇಳಲಿಲ್ಲ. ಈಗೀಗ ಕೆಲವು ಮನೆಗಳಲ್ಲಿ ನಮ್ಮ ಮಹಿಳಾ ಸಂಘದ ಉಪ್ಪಿಟ್ಟೂ ನಡೆಯುತ್ತೆ.

ಸಮಿತಿಯಲ್ಲಿ ಮಾಡಿಕೊಂಡ ಕಟ್ಟುನಿಟ್ಟು ಕೆಲವಿದ್ದವು. ಸಾವಿನ ಮನೆಗೆ ಕರಪತ್ರ ಒಯ್ಯಬಾರದು. ಅವರಾಗಿ ಕೇಳದೆ ಪ್ರಾರ್ಥನೆ ಮಾಡಬಾರದು. ಫೋಟೋ ಇಲ್ಲ, ವಾಟ್ಸ್ಯಾಪ್ ಸ್ಟೇಟಸ್ ಇಲ್ಲ. ಕುರ್ಚಿಯ ಹಿಂದೆ ಸಭೆಯ ಹೆಸರು ಬರೆಸಿದ್ದೇವೆ, ಅದೂ ಪ್ರಚಾರಕ್ಕಲ್ಲ, ವಾಪಸ್ ಬರಲಿ ಅಂತ. ಆದರೂ ಒಂದೆರಡು ಕುರ್ಚಿ ಯಾರದೋ ಹೋಟೆಲಿನಲ್ಲಿ ಕಂಡಿವೆ. ಕರಪತ್ರ ಬೇಡ ಅಂದಿದ್ದಕ್ಕೆ ಒಳಗಿನವರೇ ಕೆಲವರು ಬೇಜಾರಾದರು, ಇಷ್ಟು ಒಳ್ಳೆ ಅವಕಾಶ ಸುಮ್ನೆ ಬಿಡ್ತಿದ್ದೀರಿ ಅಂದರು. ಅಳುವವರ ಮನೆಯನ್ನು ಅವಕಾಶ ಅಂತ ನೋಡಿದರೆ ಅವರಿಗೆ ಅದು ತಕ್ಷಣ ವಾಸನೆ ಹೊಡೆಯುತ್ತೆ, ಅಲ್ವಾ? ಇನ್ನೊಂದು ಕಡೆಯಿಂದಲೂ ತಕರಾರು ಬಂತು. ಪೆಟ್ಟಿಗೆ ಬಾಡಿಗೆಗೆ ಕೊಡುವ ಶಾಮಿಯಾನದವನು ಹೊಟ್ಟೆಪಾಡಿನ ಮಾತಾಡಿದ. ಅವನ ಮಾತಿನಲ್ಲಿ ನ್ಯಾಯವಿತ್ತು. ಕೈಯಲ್ಲಿ ದುಡ್ಡಿದ್ದವರನ್ನು ಅವನ ಕಡೆಗೇ ಕಳಿಸುತ್ತೇವೆ, ನಮ್ಮ ಪೆಟ್ಟಿಗೆ ರಿಪೇರಿ ಅವನೇ ಮಾಡಿಸಿಕೊಡುತ್ತಾನೆ. ಈಗ ಅವನೇ ಎಷ್ಟೋ ಸಲ ನಮಗೆ ಫೋನ್ ಮಾಡಿ ಇಂಥ ಮನೆಗೆ ಹೋಗ್ರಿ ಅನ್ನುತ್ತಾನೆ.

ಮಣ್ಣಾದ ಮೇಲಿನ ಕೆಲಸ ನನ್ನ ಪಾಲಿಗೆ ಬಂತು. ಮರಣ ನೋಂದಣಿ 21 ದಿನದೊಳಗೆ ಆದರೆ ಸಲೀಸು, ದಾಟಿದರೆ ಓಡಾಟ. ಅದಕ್ಕಿಂತ ದೊಡ್ಡದು ಪಾಸ್‌ಬುಕ್. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ ಅಂತ 2015ರಲ್ಲಿ ಬಂತು. ಖಾತೆಯಿಂದ ವರ್ಷಕ್ಕೆ ಒಮ್ಮೆ, ಹೆಚ್ಚಾಗಿ ಮೇ ಕೊನೆಗೆ, 436 ರೂಪಾಯಿ ಕಡಿತವಾಗುತ್ತೆ. 2022ಕ್ಕೆ ಮೊದಲು 330 ಇತ್ತು. 55 ವರ್ಷದೊಳಗೆ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದವರಿಗೆ ಇದು ನೆನಪೇ ಇರಲ್ಲ, ಹೆಂಡತಿಗಂತೂ ಗೊತ್ತೇ ಇರಲ್ಲ. ಬ್ಯಾಂಕಿನವರು ತಾವಾಗಿ ಕರೆದು ಹೇಳುವುದು ಅಪರೂಪ, ಅಲ್ಲೇ ದುಡಿದವನು ಹೇಳ್ತಿದ್ದೀನಿ.

ಒಬ್ಬ ಗಾರೆ ಕೆಲಸದವನು ಎದೆನೋವಿನಿಂದ ಹೋಗಿದ್ದ. ಅವನ ಹೆಂಡತಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪಾಸ್‌ಬುಕ್ ತಂದಳು. ಎಂಟ್ರಿ ಹಾಕಿಸಿ ಎಷ್ಟೋ ಕಾಲವಾಗಿತ್ತು. ಮೆಷಿನ್ನಿಗೆ ಕೊಟ್ಟಾಗ ಮೂರು ಪುಟ ಅಚ್ಚಾಯಿತು. ಮೂರನೇ ಪುಟದ ನಡುವೆ ಮೇ ತಿಂಗಳ ಸಾಲಿನಲ್ಲಿ 436 ಇತ್ತು. ನಾನು ಬೆರಳಿಟ್ಟು ತೋರಿಸಿದೆ. "ಇದೇನ್ರಿ, ಸಾಲದ ಕಂತೇನ್ರಿ?" ಅಂದಳು. ನಾಮಿನಿ ಅಂತ ಇದ್ದಿದ್ದು ಅವನ ತಾಯಿಯ ಹೆಸರು, ಆಕೆ ಆಗಲೇ ತೀರಿಕೊಂಡಿದ್ದಳು. ಅಲ್ಲಿಂದ ನಾಡಕಚೇರಿ, ವಂಶವೃಕ್ಷ, ಅಫಿಡವಿಟ್ಟು, ಮತ್ತೆ ಬ್ಯಾಂಕು. ಮಹಿಳಾ ಸಂಘದ ಇಬ್ಬರು ಪ್ರತಿ ಸಲವೂ ಅವಳ ಜೊತೆ ಹೋದರು. ಕಚೇರಿಯಲ್ಲಿ ಒಬ್ಬಳೇ ಹೋದವಳನ್ನು ನಾಳೆ ಬಾ ಅನ್ನೋದು ಸುಲಭ, ಮೂರು ಜನ ಹೆಂಗಸರು ಕೂತರೆ ಕಷ್ಟ. ದುಡ್ಡು ಬಂತು. ಅವಳು ಆರಾಧನೆಗೆ ಬರಲಿಲ್ಲ, ಬರಲಿ ಅಂತ ಯಾರೂ ಹೇಳಿಯೂ ಇಲ್ಲ. ಆದರೆ ಅವಳ ಓಣಿಯಲ್ಲಿ ಯಾರಾದರೂ ಹೋದರೆ ಪಾಸ್‌ಬುಕ್ ತೆಗಿಸಿ 436 ಹುಡುಕೋದು ಈಗ ಅವಳೇ.

ನಾವು ಹೊಸದೇನೂ ಮಾಡಿಲ್ಲ. ಕ್ರಿ.ಶ. 197ರ ಸುಮಾರಿಗೆ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್, ಸಭೆಯ ಹುಂಡಿಯ ಹಣ ಔತಣಕ್ಕೆ ಹೋಗುವುದಿಲ್ಲ, ಬಡವರನ್ನು ಸಾಕುವುದಕ್ಕೆ, ಅವರನ್ನು ಹೂಳುವುದಕ್ಕೆ ಹೋಗುತ್ತದೆ ಎಂದು ಬರೆದ. 362ರ ಹೊತ್ತಿಗೆ ರೋಮಿನ ಚಕ್ರವರ್ತಿ ಜೂಲಿಯನ್, ಕ್ರೈಸ್ತರನ್ನು ಕಂಡರಾಗದವನು, ತನ್ನ ಪೂಜಾರಿಯೊಬ್ಬನಿಗೆ ಕಾಗದ ಬರೆದು ಗೊಣಗಿಕೊಂಡ. ಇವರ ಮತ ಹಬ್ಬಿದ್ದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಅಪರಿಚಿತರಿಗೆ ತೋರಿಸುವ ಉಪಕಾರವಿದೆ, ಸತ್ತವರ ಸಮಾಧಿಯ ಕಾಳಜಿಯಿದೆ; ಇವರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಾರೆ ಅಂತಲೂ ಅಂದಿದ್ದಾನೆ. ವೈರಿ ಕೊಟ್ಟ ಸರ್ಟಿಫಿಕೇಟು. ಅದರಲ್ಲಿ ಹಾಡಿನ ಮಾತಿಲ್ಲ, ಕಟ್ಟಡದ ಮಾತಿಲ್ಲ.

ಇಷ್ಟಾಗಿ ಭಾನುವಾರದ ಹಾಜರಿ ಜಾಸ್ತಿಯಾಯಿತಾ? ಇಲ್ಲ. ರಿಜಿಸ್ಟರ್ ನನ್ನ ಹತ್ತಿರವೇ ಇದೆ. ಬದಲಾಗಿದ್ದು ಬೇರೆ. ಓಣಿಯಲ್ಲಿ ನೀರಿನ ಜಗಳವಾದರೆ ಪಂಚರು ನಮ್ಮವರನ್ನೂ ಕರೆದು ಕೂರಿಸಿಕೊಳ್ಳುತ್ತಾರೆ. ನಮ್ಮ ಸಮಾಧಿ ಜಾಗಕ್ಕೆ ಹೋಗುವ ದಾರಿಗೆ ಯಾರೋ ಬೇಲಿ ಹಾಕಿದಾಗ, ನಾವು ಅರ್ಜಿ ಬರೆಯುತ್ತಾ ಕೂತಿದ್ದೆವು, ಓಣಿಯ ಮಂದಿಯೇ ಹೋಗಿ ಕೇಳಿ ತೆಗೆಸಿದರು. ಒಳಗೂ ಒಂದು ಬದಲಾವಣೆ ಆಗಿದೆ. ಜಾಗದ ವ್ಯಾಜ್ಯದಲ್ಲಿ ಮಾತು ಬಿಟ್ಟಿದ್ದ ಎರಡು ಮನೆಯ ಗಂಡಸರು ಪೆಟ್ಟಿಗೆಯ ಎರಡು ತುದಿ ಹಿಡಿಯಬೇಕಾಯಿತು. ಇಳಿಜಾರಿನಲ್ಲಿ "ಹಗೂರಕ್ಕ, ಹಗೂರಕ್ಕ" ಅನ್ನದೆ ಹೊರೋಕಾಗಲ್ಲ. ಮಾತು ಶುರುವಾಗಿದ್ದು ಅಲ್ಲಿ. ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ, ಅದು ಬೇರೆ ಮಾತು.

ಸಿಎಸ್‌ಐನಲ್ಲಿ ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತೆ. ಶುರುಮಾಡಿದವರು ಹೋದರು, ಬಂದವರಿಗೆ ಪ್ರಸಂಗದ ಮೇಲೆ ಒಲವು ಹೆಚ್ಚು. ಆದರೂ ಕೆಲಸ ನಿಂತಿಲ್ಲ, ಯಾಕಂದರೆ ಬೀಗದ ಕೈ ಅಯ್ಯನವರ ಬಂಗಲೆಯಲ್ಲಿಲ್ಲ, ಮಹಿಳಾ ಸಂಘದ ಇಬ್ಬರ ಮನೆಯಲ್ಲಿದೆ. ಖರ್ಚಿನ ಲೆಕ್ಕ ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಚ್ಚುತ್ತೇನೆ, ಚಹಾದ ಬಿಲ್ಲು ಸಮೇತ.

ಬೇರೆ ಊರಿನ ಸಭೆಯವರು ಒಮ್ಮೊಮ್ಮೆ ಪೆಟ್ಟಿಗೆಗೆ ಎಷ್ಟಾಯಿತು, ಎಲ್ಲಿ ತಂದಿರಿ ಅಂತ ಫೋನ್ ಮಾಡುತ್ತಾರೆ. ರೇಟು ಆಮೇಲೆ ಹೇಳ್ತೀನಿ, ಮೊದಲು ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರನ್ನೂ ಶವಾಗಾರದ ಹತ್ತಿರ ಇರುವ ಸಿಬ್ಬಂದಿಯನ್ನೂ ಒಂದು ಚಹಾಕ್ಕೆ ಕರೆದು ಕೇಳಿ ಅನ್ನುತ್ತೇನೆ. ಯಾವ ಮನೆಯವರು ಎಲ್ಲಿ ಸಿಕ್ಕಿಬೀಳುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಸಮಿತಿಗೂ ಗೊತ್ತಿರಲ್ಲ. ಕೇಳಿಕೊಂಡು ಬಂದ ಒಂದು ಸಭೆಯವರು ಪೆಟ್ಟಿಗೆ ಬಿಟ್ಟು, ಹೆರಿಗೆ ವಾರ್ಡಿನ ಹೊರಗೆ ಕಾಯುವವರಿಗೆ ರಾತ್ರಿ ಬಿಸಿನೀರು ಕೊಡೋಕೆ ಶುರುಮಾಡಿದ್ದಾರೆ.