ಹಡಗಿನ ತೂಬು ಕಾದ ನನ್ನ ಅನುಭವ

ಚನ್ನಗಿರಿ ತಾಲ್ಲೂಕಿನ ನಮ್ಮೂರಿನಲ್ಲಿ ಅಜ್ಜ ಕೆರೆಯ ನೀರುಗಂಟಿಯಾಗಿದ್ದರು. ತೂಬು ಎತ್ತಿಲ್ಲವೆಂದು ಯಾರು ಆಣೆ ಇಟ್ಟರೂ ನಂಬುತ್ತಿರಲಿಲ್ಲ. ಏರಿಯ ಕಲ್ಲಿನಲ್ಲಿ ನೀರು ಎಷ್ಟು ಇಳಿದಿದೆ ಎಂದು ತಾವೇ ಹೋಗಿ ನೋಡುತ್ತಿದ್ದರು. ಪ್ರವಾಸಿ ಹಡಗುಗಳ ಎಂಜಿನ್ ಕೋಣೆಯಲ್ಲಿ ನಾನು ಒಂಬತ್ತು ವರ್ಷ ಮಾಡಿದ್ದೂ ಅದನ್ನೇ.

ಎಂಜಿನ್ನು, ಪಂಪುಗಳಿಂದ ಸೋರಿದ ಎಣ್ಣೆ ಮತ್ತು ನೀರು ಹಡಗಿನ ತಳದಲ್ಲಿ ಸೇರುತ್ತವೆ. ಅದನ್ನು ಬಿಲ್ಜ್ ನೀರು ಎನ್ನುತ್ತೇವೆ. ಹಡಗುಗಳಿಂದ ಸಮುದ್ರ ಮಲಿನವಾಗುವುದನ್ನು ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಪ್ರಕಾರ ಹತ್ತು ಲಕ್ಷ ಪಾಲು ನೀರಿನಲ್ಲಿ ಎಣ್ಣೆ 15 ಪಾಲು ಮೀರಿದರೆ ಅದನ್ನು ಸಮುದ್ರಕ್ಕೆ ಬಿಡುವಂತಿಲ್ಲ. ಮೀರಿದ ಕೂಡಲೇ ಅಲಾರಂ ಕೂಗಿ ನೀರು ಟ್ಯಾಂಕಿಗೆ ಮರಳುತ್ತದೆ. ಆದರೆ ಎಣ್ಣೆ ಅಳೆಯುವ ಸೆನ್ಸರಿಗೆ ಸಣ್ಣ ಕೊಳವೆಯೊಂದರಿಂದ ಸಿಹಿನೀರು ಹಾಯಿಸಿದರೆ ಎಣ್ಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಎರಡನೇ ಹಡಗಿನಲ್ಲಿ ಒಂದು ರಾತ್ರಿ ಆ ಸಣ್ಣ ಕೊಳವೆಯ ಮೇಲೆ ಕೈಯಿಟ್ಟೆ. ನಲವತ್ತು ಡಿಗ್ರಿ ಸೆಖೆಯಲ್ಲಿ ಅದು ತಣ್ಣಗಿತ್ತು, ಮೈತುಂಬ ಹನಿ. ವಾಲ್ವ್ ಅರ್ಧ ತೆರೆದು ಸಿಹಿನೀರು ಹರಿಯುತ್ತಿತ್ತು. ಬೆಳಗಾಗುವ ಮೊದಲೇ ಮುಖ್ಯ ಎಂಜಿನಿಯರರನ್ನು ಎಬ್ಬಿಸಿ ತೋರಿಸಿದೆ. ಅವರು ಕೋಪಗೊಂಡದ್ದು ನನ್ನ ಮೇಲಲ್ಲ ಎಂಬುದು ನನ್ನ ಪುಣ್ಯ.

ಅಂದಿನಿಂದ ಹೊರಬಿಡುವ ಪ್ರತಿ ವಾಲ್ವಿಗೂ ಸಂಖ್ಯೆಯಿರುವ ಸೀಲ್ ಹಾಕಿದೆವು. ಸೀಲ್ ಒಡೆದರೆ ಯಾರು, ಯಾವಾಗ, ಏಕೆ ಎಂದು ಬರೆಯಲೇಬೇಕು. ದಿನವೂ ಬೆಳಿಗ್ಗೆ ಟ್ಯಾಂಕಿಗೆ ನಾನೇ ಟೇಪ್ ಇಳಿಸಿ ಮಟ್ಟ ಅಳೆಯುತ್ತಿದ್ದೆ. ಲೆಕ್ಕ ಸರಳ: ಎಣ್ಣೆ ಬೇರ್ಪಡಿಸುವ ಯಂತ್ರ ಗಂಟೆಗೆ 5 ಘನ ಮೀಟರ್ ದಾಟಿಸುತ್ತದೆ, ಹಡಗಿನ ದಾಖಲೆ ಪುಸ್ತಕದಲ್ಲಿ ಮೂರು ಗಂಟೆ ಓಡಿತೆಂದಿದೆ, ಟ್ಯಾಂಕು ಮಾತ್ರ 20 ಘನ ಮೀಟರ್ ಇಳಿದಿದೆ. ಉಳಿದ 5 ಎಲ್ಲಿ ಹೋಯಿತು?

ಈ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆಂದು ಜಗತ್ತು ಕಂಡಿದೆ. 2016ರಲ್ಲಿ ಪ್ರಿನ್ಸೆಸ್ ಕ್ರೂಸಸ್ ಸಂಸ್ಥೆ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅದರ ಹಡಗಿನಲ್ಲಿ ಯಂತ್ರವನ್ನು ತಪ್ಪಿಸಿ ಎಣ್ಣೆ ನೀರನ್ನು ನೇರವಾಗಿ ಸಮುದ್ರಕ್ಕೆ ಬಿಡುವ ‘ಮ್ಯಾಜಿಕ್ ಪೈಪ್’ ಅನ್ನು ಬಯಲಿಗೆಳೆದವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಎಂಜಿನಿಯರ್.

ಶೌಚದ ನೀರಿನ ನಿಯಮ ನನಗೆ ಇಂದಿಗೂ ಸಡಿಲವೆನಿಸುತ್ತದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಹಡಗು ಸಂಸ್ಕರಿಸದ ನೀರನ್ನೂ ಸಾಗುತ್ತಾ ನಿಧಾನವಾಗಿ ಬಿಡಬಹುದು. ಬಲೆ ಬೀಸುವವರು ಅಷ್ಟು ದೂರಕ್ಕೂ ಹೋಗುತ್ತಾರೆ.

ನವಮಂಗಳೂರು ಬಂದರಿಗೂ ಪ್ರವಾಸಿ ಹಡಗುಗಳು ಬರುತ್ತವೆ. ಅಲ್ಲಿ ಹಡಗು ಹತ್ತುವ ತಪಾಸಣಾಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ: ಪುಸ್ತಕ ಓದಿ ಸಹಿ ಹಾಕುವ ಮೊದಲು ಎಂಜಿನ್ ಕೋಣೆಗೆ ಇಳಿಯಿರಿ, ನಿಮ್ಮ ಎದುರೇ ಟೇಪ್ ಇಳಿಸಲು ಹೇಳಿ, ಆ ಸಣ್ಣ ಕೊಳವೆಯನ್ನು ಮುಟ್ಟಿ ನೋಡಿ.